ಮೀನಿನ ನೀರಿಗೆ ಒಂದು ಡ್ರಮ್

ನಮ್ಮ ಮನೆಯ ಯುಟಿಲಿಟಿಯಲ್ಲಿ, ವಾಷಿಂಗ್ ಮಷಿನ್ ಪಕ್ಕ, ಒಂದು ಅಕ್ಕಿ ಡ್ರಮ್ ಇದೆ. 50 ಲೀಟರ್ ಹಿಡಿಸುತ್ತದೆ. ಹಾಲಿನ ಬಣ್ಣ, ಅಗಲ ಬಾಯಿ, ಬಿಗಿಯಾದ ಮುಚ್ಚಳ. ಅದರೊಳಗೆ ಇದುವರೆಗೆ ಒಂದು ಕಾಳು ಅಕ್ಕಿಯೂ ಬಿದ್ದಿಲ್ಲ. ಹೊರಗಡೆ ಕಪ್ಪು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ: "ಮೀನಿನ ನೀರು. ಸೋಪು ಮುಟ್ಟಿಸಬೇಡಿ."

ಮೊನ್ನೆ ಭಾನುವಾರ ತಂಗಿಯ ಮಗ ಬಂದಿದ್ದ. ಹೊಸದಾಗಿ ಅಕ್ವೇರಿಯಂ ಇಟ್ಟಿದ್ದಾನೆ. ಈ ಬರಹ ಓದಿ, "ದೊಡ್ಡಮ್ಮ, ನೀರು ಹಿಡಿದಿಡೋಕೆ ಯಾವುದಾದ್ರೂ ಬಕೆಟ್ ಆಗುತ್ತಲ್ವಾ?" ಅಂದ. ಆಗುವುದಿಲ್ಲ. ಅದನ್ನು ನಾನು ಕಲಿತದ್ದು ಒಂದೇ ರಾತ್ರಿಯಲ್ಲಿ ಹದಿನಾರು ಮೀನು ಕಳೆದುಕೊಂಡು. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇನ್ನೊಬ್ಬರ ಮನೆಯ ತೊಟ್ಟಿಯಲ್ಲಿ ಹಾಗಾಗದಿದ್ದರೆ ಸಾಕು.

2024ರ ಮಾರ್ಚ್ ಬೆಂಗಳೂರಿನಲ್ಲಿ ಇದ್ದವರಿಗೆ ಮರೆತಿರುವುದಿಲ್ಲ. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ತಿಂಗಳು ಅದು. ನಮ್ಮ ಮನೆ ಬೇಗೂರಿನ ಕಡೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಎಂದು ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದದ್ದು ಆ ವರ್ಷ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಮಗೆ ಬೋರ್‌ವೆಲ್ಲೇ ಗತಿ. ಅಪಾರ್ಟ್‌ಮೆಂಟಿನ ಎರಡು ಬೋರ್‌ಗಳಲ್ಲಿ ಒಂದು ಬತ್ತಿತು. ಟ್ಯಾಂಕರ್ ಬರಲು ಶುರುವಾಯಿತು. ನೀರಿನಲ್ಲಿ ಕರಗಿದ ಲವಣ ಅಳೆಯುವ ನನ್ನ ಟಿಡಿಎಸ್ ಮೀಟರ್ ಒಂದು ದಿನ 600 ತೋರಿಸಿದರೆ ಇನ್ನೊಂದು ದಿನ 1,100. ಕೆಲವು ದಿನ ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಗಡಸು ನೀರಿಗೆ ಮೀನು ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ದಿನಕ್ಕೊಂದು ಥರದ ನೀರಿಗೆ ಒಗ್ಗುವುದಿಲ್ಲ. ಹಾಗಾಗಿ ಒಳ್ಳೆಯ ನೀರು ಬಂದ ದಿನ ಹಿಡಿದಿಟ್ಟುಕೊಂಡು, ಲವಣ ತೆಗೆಯುವ ಆರ್‌ಒ ಫಿಲ್ಟರಿನ ನೀರು ಬೆರೆಸಿ, ಒಂದೇ ಹದದ ನೀರನ್ನು ವಾರವಾರ ಕೊಡಬೇಕು ಅಂತ ತೀರ್ಮಾನ ಮಾಡಿದೆ. ನಮ್ಮದು ಎರಡಡಿ ತೊಟ್ಟಿ, ಅಂದರೆ ಸುಮಾರು 56 ಲೀಟರ್. ಆಗ ಅದರಲ್ಲಿ ಹನ್ನೆರಡು ನಿಯಾನ್ ಟೆಟ್ರಾ, ಆರು ಗಪ್ಪಿ, ನಾಲ್ಕು ಕೋರಿಡೋರಾಸ್ ಇದ್ದವು. ವಾರಕ್ಕೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ಸುಮಾರು 18 ಲೀಟರ್ ಬೇಕು.

ನೀರಿನ ಅಭಾವದ ಆ ದಿನಗಳಲ್ಲಿ ಡ್ರಮ್‌ಗಳಿಗೆ ಎಲ್ಲಿಲ್ಲದ ಬೇಡಿಕೆ. ಮುಖ್ಯರಸ್ತೆಯ ಗುಜರಿ ಅಂಗಡಿಯಲ್ಲಿ ನೀಲಿ ಕ್ಯಾನ್‌ಗಳು ಸಾಲಾಗಿ ನಿಂತಿದ್ದವು. 50 ಲೀಟರಿನ ಒಂದನ್ನು ತಲೆಕೆಳಗು ಮಾಡಿ ನೋಡಿದೆ. ತಳದಲ್ಲಿ ತ್ರಿಕೋನ, ಒಳಗೆ 2. ಅಂದರೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್. ನಾನು ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಆಸಿಡ್, ಕಾಸ್ಟಿಕ್ ಸೋಡಾ ದ್ರಾವಣ ತುಂಬಿಡುವುದೇ ಎಚ್‌ಡಿಪಿಇ ಬಾಟಲಿಗಳಲ್ಲಿ. ಆಸಿಡ್‌ಗೇ ಜಗ್ಗದ ಪ್ಲಾಸ್ಟಿಕ್ ನೀರಿಗೆ ಏನು ಮಾಡುತ್ತದೆ ಅಂದುಕೊಂಡೆ. "ಇದರಲ್ಲಿ ಏನಿತ್ತು?" ಅಂತ ಕೇಳಿದೆ. "ಜ್ಯೂಸ್ ಎಸೆನ್ಸ್ ಅಕ್ಕ, ತಿನ್ನೋದೇ" ಅಂದರು. ಅವರು ಸುಳ್ಳು ಹೇಳಿದರು ಅಂತ ನಾನು ಇವತ್ತಿಗೂ ಅಂದುಕೊಂಡಿಲ್ಲ. ಹತ್ತು ಕಡೆಯಿಂದ ಬರುವ ಕ್ಯಾನ್‌ಗಳಲ್ಲಿ ಯಾವುದರಲ್ಲಿ ಏನಿತ್ತು ಅಂತ ಅವರಿಗಾದರೂ ಹೇಗೆ ಗೊತ್ತಿರಬೇಕು?

ಮನೆಗೆ ತಂದು ಮೂರು ಸಲ ತೊಳೆದೆ. ಬಿಸಿಲಿಗಿಟ್ಟೆ. ನೀರು ತುಂಬಿಸಿ ಒಂದು ವಾರ ಬಿಟ್ಟೆ. ಶನಿವಾರ ಸಂಜೆ ಎಂದಿನಂತೆ ನೀರು ಬದಲಿಸಿದೆ. ರಾತ್ರಿ ಒಂಬತ್ತಕ್ಕೆ ಮಗಳು ಕರೆದಳು, "ಅಮ್ಮ, ಎಲ್ಲಾ ಮೀನು ಮೇಲೆ ಬಂದಿವೆ ನೋಡು." ನಿಯಾನ್‌ಗಳು ನೀರಿನ ಮೇಲ್ಭಾಗದಲ್ಲಿ ಬಾಯಿ ಬಾಯಿ ಬಿಡುತ್ತಿದ್ದವು. ಕಿವಿರು ವೇಗವಾಗಿ ಬಡಿಯುತ್ತಿತ್ತು. ಕ್ಲೋರಿನ್ ಕಳೆಯುವ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕಿದ್ದೆ, ಕ್ಲೋರಿನ್ ಇರಲಿಲ್ಲ. ಟಿಡಿಎಸ್ ನೋಡಿದೆ, ಸರಿಯಾಗೇ ಇತ್ತು. ಏರ್ ಪಂಪ್ ಜೋರು ಮಾಡಿದೆ. ಅಡುಗೆಮನೆಯ ಆರ್‌ಒದಲ್ಲಿ ಇದ್ದ ನೀರನ್ನೆಲ್ಲ ತಂದು ಸ್ವಲ್ಪ ಸ್ವಲ್ಪವಾಗಿ ಬದಲಿಸಿದೆ. ಬೆಳಗ್ಗೆ ಹೊತ್ತಿಗೆ ಹನ್ನೆರಡೂ ನಿಯಾನ್, ನಾಲ್ಕು ಗಪ್ಪಿ ಹೋಗಿದ್ದವು. ಕೋರಿಡೋರಾಸ್ ನಾಲ್ಕೂ ಉಳಿದವು. ಅವಕ್ಕೆ ಮೇಲಿನ ಗಾಳಿಯನ್ನು ನುಂಗಿ ಕರುಳಿನ ಮೂಲಕವೂ ಉಸಿರಾಡುವ ಶಕ್ತಿ ಇದೆ. ಅದೇ ಕಾಪಾಡಿರಬೇಕು ಅಂತ ನನ್ನ ಅನಿಸಿಕೆ. ಮಗಳು ಆ ದಿನ ತಿಂಡಿ ತಿನ್ನಲಿಲ್ಲ. ನನಗೂ ಗಂಟಲಲ್ಲಿ ಇಳಿಯಲಿಲ್ಲ.

ಸೋಮವಾರ ಆ ಕ್ಯಾನಿನ ನೀರನ್ನು ಒಂದು ಬಾಟಲಿಗೆ ಅರ್ಧ ತುಂಬಿಸಿ ಜೋರಾಗಿ ಅಲ್ಲಾಡಿಸಿದೆ. ಪಕ್ಕದಲ್ಲೇ ನಲ್ಲಿ ನೀರನ್ನೂ ಇನ್ನೊಂದು ಬಾಟಲಿಯಲ್ಲಿ ಹಾಗೇ ಮಾಡಿದೆ. ನಲ್ಲಿ ನೀರಿನ ಗುಳ್ಳೆ ನಾಲ್ಕೈದು ಸೆಕೆಂಡಿಗೆ ಒಡೆದು ಹೋಯಿತು. ಕ್ಯಾನಿನ ನೀರಿನ ಮೇಲೆ ತೆಳುವಾದ ನೊರೆ ನಿಂತೇ ಇತ್ತು. ಮೂಗಿನ ಹತ್ತಿರ ಹಿಡಿದರೆ ನಿಂಬೆ ವಾಸನೆ, ತೀರಾ ಸಣ್ಣಗೆ. ಪಾತ್ರೆ ತೊಳೆಯುವ ಲಿಕ್ವಿಡ್ಡೋ, ನೆಲ ಒರೆಸುವುದೋ, ಅಂಥದ್ದೇನೋ ಅದರಲ್ಲಿ ಇದ್ದಿರಬೇಕು. ಸೋಪಿನ ಗುಣವಿರುವ ಯಾವ ಪದಾರ್ಥವಾದರೂ ಮೀನಿನ ಕಿವಿರಿನ ನವಿರಾದ ಪದರವನ್ನೇ ಹಾಳು ಮಾಡುತ್ತದೆ. ಆಮೇಲೆ ನೀರಿನಲ್ಲಿ ಎಷ್ಟು ಆಮ್ಲಜನಕ ಇದ್ದರೂ ಅವಕ್ಕೆ ದಕ್ಕುವುದಿಲ್ಲ.

ಮೂರು ಸಲ ತೊಳೆದ ಕ್ಯಾನಿನಲ್ಲಿ ಅದು ಎಲ್ಲಿ ಉಳಿದಿತ್ತು? ಇದನ್ನು ಅರ್ಥ ಮಾಡಿಕೊಳ್ಳಲು ಲ್ಯಾಬ್ ಬೇಡ, ಅಡುಗೆಮನೆ ಸಾಕು. ಇಂಗಿನ ಡಬ್ಬ ನೋಡಿ. ಇಂಗು ಖಾಲಿಯಾಗಿ ವರ್ಷವಾದರೂ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಸಾರು ತುಂಬಿದ ಪ್ಲಾಸ್ಟಿಕ್ ಡಬ್ಬಕ್ಕೆ ಹಿಡಿದ ಅರಿಶಿನದ ಬಣ್ಣವೂ ಹಾಗೇ. ಈ ಪ್ಲಾಸ್ಟಿಕ್‌ಗಳು ಎಣ್ಣೆಯ ಜಾತಿಗೆ ಸೇರಿದವು, ಎಣ್ಣೆಯಂಥ, ಸುವಾಸನೆಯಂಥ ಪದಾರ್ಥಗಳನ್ನು ಮೈಯೊಳಗೆ ಎಳೆದುಕೊಳ್ಳುತ್ತವೆ. ಆಮೇಲೆ ನೀರು ತುಂಬಿಸಿದಾಗ ದಿನಗಟ್ಟಲೆ, ವಾರಗಟ್ಟಲೆ ಚೂರು ಚೂರಾಗಿ ಬಿಡುತ್ತವೆ. ತೊಳೆಯುವುದು ಮೇಲ್ಮೈಯನ್ನು ಮಾತ್ರ. ಆಸಿಡ್‌ಗೆ ಜಗ್ಗದ ಪ್ಲಾಸ್ಟಿಕ್ಕು ನಿಂಬೆ ಸುವಾಸನೆಯನ್ನು ಹೀರಿಕೊಂಡಿತ್ತು. ಟಿಡಿಎಸ್ ಮೀಟರಿಗೆ ಇದು ಕಾಣಲಿಲ್ಲ ಯಾಕೆ ಅಂದರೆ ಅದು ನೋಡುವುದು ನೀರಿನಲ್ಲಿ ವಿದ್ಯುತ್ ಹರಿಯುವುದನ್ನು, ಅಂದರೆ ಕರಗಿದ ಲವಣಗಳನ್ನು. ಸುವಾಸನೆ, ಎಣ್ಣೆ, ಪ್ಲಾಸ್ಟಿಕ್‌ನಿಂದ ಇಳಿಯುವ ಪದಾರ್ಥ ಯಾವುದನ್ನೂ ಅದು ತೋರಿಸುವುದಿಲ್ಲ.

ಆದ್ದರಿಂದ ನಾನು ಎಲ್ಲರಿಗೂ ಮೊದಲು ಹೇಳುವುದು ಇದು: ತಳದ ನಂಬರ್ ನೋಡುವ ಮೊದಲು ಆ ಪಾತ್ರೆಯ ಹಿಂದಿನ ಕಥೆ ಕೇಳಿ. ಕಥೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಹೊಸದನ್ನೇ ತನ್ನಿ. ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ಹಾಗಂತ ನಂಬರ್ ಬೇಡ ಅಂತಲ್ಲ. ಆ ತ್ರಿಕೋನದ ಅಂಕಿಗಳು ಅಮೆರಿಕದಲ್ಲಿ 1988ರಲ್ಲಿ ಶುರುವಾದದ್ದು, ಮರುಬಳಕೆಗೆ ಪ್ಲಾಸ್ಟಿಕ್ ವಿಂಗಡಿಸುವವರ ಅನುಕೂಲಕ್ಕೆ. ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಅಷ್ಟೇ ಅದು ಹೇಳುತ್ತದೆ. ಆಹಾರಕ್ಕೆ ಯೋಗ್ಯವೋ ಅಲ್ಲವೋ, ಹೊಸ ಮಾಲೋ ಕರಗಿಸಿದ ಹಳೇ ಮಾಲೋ, ಏನು ಬಣ್ಣ ಬೆರೆಸಿದ್ದಾರೆ, ಇದ್ಯಾವುದನ್ನೂ ಹೇಳುವುದಿಲ್ಲ. ತುಂಬಾ ಜನ '2 ಇದೆ, 5 ಇದೆ, ಸೇಫ್' ಅಂತ ಅಲ್ಲಿಗೇ ನಿಲ್ಲುತ್ತಾರೆ. ನಾನೂ ಅಲ್ಲಿಗೇ ನಿಂತಿದ್ದೆ.

ಮೀನಿನ ನೀರಿಗೆ ನನ್ನ ಆಯ್ಕೆ ಎರಡೇ. 2 ಅಂದರೆ ಎಚ್‌ಡಿಪಿಇ, 5 ಅಂದರೆ ಪಾಲಿಪ್ರೊಪಿಲೀನ್, ಅಂಗಡಿಯವರು ಪಿಪಿ ಅನ್ನುತ್ತಾರೆ. ಇವೆರಡನ್ನೂ ಮೆತ್ತಗೆ ಮಾಡಲು ಬೇರೆ ಎಣ್ಣೆ ಬೆರೆಸಬೇಕಾಗಿಲ್ಲ, ಅದೇ ಇವುಗಳ ದೊಡ್ಡ ಗುಣ. 4, ಅಂದರೆ ಎಲ್‌ಡಿಪಿಇ ಕೂಡ ಇವುಗಳ ನಂಟನೇ. ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕ್‌ಗಳು ಆ ಕುಟುಂಬದವು. 1, ಅಂದರೆ ಪೆಟ್, ಮಿನರಲ್ ವಾಟರ್ ಬಾಟಲಿಯದು. ಮೀನಂಗಡಿಯಿಂದ ನೀರು ತರಲು, ಒಂದೆರಡು ದಿನ ಇಡಲು ಧಾರಾಳವಾಗಿ ಬಳಸಬಹುದು.

3, ಅಂದರೆ ಪಿವಿಸಿ. ಗಟ್ಟಿ ಪಿವಿಸಿ ಪೈಪಿನ ನೀರನ್ನೇ ನಾವೆಲ್ಲ ಬಳಸುವುದು. ಎಚ್ಚರ ಬೇಕಾದದ್ದು ಮೆತ್ತಗಿನ ಪಿವಿಸಿಯ ವಿಷಯದಲ್ಲಿ. ಹೂದೋಟಕ್ಕೆ ಬಳಸುವ ಹಸಿರು ಪೈಪು ಇದೆಯಲ್ಲ, ಅದನ್ನು ಬಗ್ಗುವಂತೆ ಮಾಡಲು ಪ್ಲಾಸ್ಟಿಸೈಜರ್ ಸೇರಿಸಿರುತ್ತಾರೆ. ಬಿಸಿಲಿನಲ್ಲಿ ಮಲಗಿದ ಪೈಪಿನೊಳಗಿನ ನೀರು ಬಿಸಿಯಾಗಿ, ರಬ್ಬರ್ ವಾಸನೆ ಹೊಡೆಯುತ್ತದೆ. ಡ್ರಮ್ ಎಷ್ಟು ಒಳ್ಳೆಯದಿದ್ದರೂ ಆ ಪೈಪಿನಿಂದ ತುಂಬಿಸಿದರೆ ಏನು ಬಂತು? ಬೇರೆ ದಾರಿ ಇಲ್ಲದಿದ್ದರೆ ಮೊದಲ ಎರಡು ಮೂರು ಬಕೆಟ್ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಹಿಡಿಯಿರಿ.

20 ಲೀಟರಿನ ನೀರಿನ ಕ್ಯಾನ್ ಬಗ್ಗೆ ತಂಗಿ ಮಗನೂ ಕೇಳಿದ. ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನೇ ಬಳಸೋಣ ಅನ್ನಿಸುವುದು ಸಹಜ. ತಿರುಗಿಸಿ ನೋಡಿ. ಕೆಲವದರಲ್ಲಿ 1 ಇರುತ್ತದೆ, ಪೆಟ್. ಗಟ್ಟಿಯಾದ, ಬಡಿದರೆ ಟಣ್ ಎನ್ನುವ ಹಳೇ ಕ್ಯಾನ್‌ಗಳಲ್ಲಿ 7 ಇರುತ್ತದೆ. ಅವು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್, ಬಿಪಿಎ ಎಂಬ ರಾಸಾಯನಿಕದಿಂದ ಮಾಡಿದ್ದು. ಬಿಪಿಎ ನೀರಿನಲ್ಲಿ ಸಾಕಷ್ಟು ಪ್ರಮಾಣದಲ್ಲಿದ್ದರೆ ಗಂಡು ಮೀನಿನ ಮೈಯಲ್ಲೂ ಮೊಟ್ಟೆಯ ಹಳದಿಗೆ ಬೇಕಾಗುವ ಪ್ರೋಟೀನು ತಯಾರಾಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಆ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ಒಂದು ಕ್ಯಾನಿನಿಂದ ಇಳಿಯುವುದಕ್ಕಿಂತ ಎಷ್ಟೋ ಜಾಸ್ತಿ. ಆದ್ದರಿಂದ ಒಂದು ರಾತ್ರಿ ನೀರು ಇಟ್ಟರೆ ಮೀನಿಗೆ ಏನೋ ಆಗಿಬಿಡುತ್ತದೆ ಅಂತ ಹೆದರಬೇಕಾಗಿಲ್ಲ. ಆದರೆ ಗೀರು ಬಿದ್ದ, ವರ್ಷಗಟ್ಟಲೆ ಬಿಸಿಲು ಕಂಡ, ಕ್ಷಾರ ಜಾಸ್ತಿ ಇರುವ ಸೋಪಿನಲ್ಲಿ ತೊಳೆಸಿಕೊಂಡ ಪಾಲಿಕಾರ್ಬೊನೇಟ್ ಜಾಸ್ತಿ ಬಿಡುತ್ತದೆ. ವಾರಗಟ್ಟಲೆ ಇಡಲು ನಾನು ಅದನ್ನು ಬಳಸುವುದಿಲ್ಲ. ಬಾಯಿಯೂ ಚಿಕ್ಕದು, ಕೈ ಹಾಕಿ ಒಳಗೆ ಉಜ್ಜಲು ಬರುವುದಿಲ್ಲ.

ಪೇಂಟ್ ಬಕೆಟ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಬೇಡ. ಮನೆಗೆ ಬಣ್ಣ ಹೊಡೆಸಿದ ಮೇಲೆ ಉಳಿಯುವ 20 ಲೀಟರಿನ ಆ ಗಟ್ಟಿ ಬಕೆಟ್ ನೋಡಿದರೆ ಯಾರಿಗೂ ಎಸೆಯಲು ಮನಸ್ಸು ಬರುವುದಿಲ್ಲ. ತಳದಲ್ಲಿ 5 ಅಂತಲೂ ಇರುತ್ತದೆ. ಆದರೆ ಎಮಲ್ಷನ್ ಪೇಂಟು ಡಬ್ಬದಲ್ಲೇ ಕೊಳೆಯದಿರಲಿ, ಗೋಡೆಗೆ ಬೂಷ್ಟು ಹಿಡಿಯದಿರಲಿ ಅಂತ ಅದಕ್ಕೆ ಸೂಕ್ಷ್ಮಜೀವಿ ಕೊಲ್ಲುವ ರಾಸಾಯನಿಕ ಸೇರಿಸಿರುತ್ತಾರೆ. ಅವು ಜಲಚರಗಳಿಗೆ ತುಂಬಾ ವಿಷ. ಬಕೆಟನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಹೋಟೆಲಿನವರು ಕೊಡುವ 15 ಲೀಟರಿನ ಅಡುಗೆ ಎಣ್ಣೆ ಕ್ಯಾನು ವಿಷವಲ್ಲ, ಪ್ಲಾಸ್ಟಿಕ್ಕೂ ಒಳ್ಳೆಯದೇ. ತೊಂದರೆ ಏನೆಂದರೆ ಎಣ್ಣೆ ಹೋಗಬೇಕಾದರೆ ಸೋಪು ಹಾಕಬೇಕು, ಸೋಪು ಹೋಗಬೇಕಾದರೆ ಇನ್ನೇನು ಹಾಕುವುದು? ಉಳಿದ ಎಣ್ಣೆ ತೊಟ್ಟಿಯ ನೀರಿನ ಮೇಲೆ ಪದರ ಕಟ್ಟಿ ಗಾಳಿ ಸೇರದಂತೆ ಮಾಡುತ್ತದೆ. ಹಳೆಯದನ್ನೇ ಬಳಸಬೇಕು ಅನ್ನುವವರಿಗೆ ಮದುವೆ ಮನೆಗೆ ಮೊಸರು ತರುವ ಬಕೆಟ್ ಒಳ್ಳೆಯದು. ಮೊಸರು ನೀರಿನಲ್ಲೇ ತೊಳೆದು ಹೋಗುತ್ತದೆ, ಪ್ಲಾಸ್ಟಿಕ್ಕು ಆಹಾರಕ್ಕೆಂದೇ ಮಾಡಿದ್ದು. ಉಪ್ಪಿನಕಾಯಿ ಡ್ರಮ್ ಮಾತ್ರ ಇಂಗಿನ ಡಬ್ಬದ ಕಥೆಯೇ.

ಇನ್ನು ಅಮ್ಮನ ಮಾತು. ಮೀನು ಸತ್ತ ಸುದ್ದಿ ಕೇಳಿ ಹಾಸನದಿಂದ ಫೋನ್ ಮಾಡಿ, "ಅಲ್ಲ ಕಣೇ, ಪ್ಲಾಸ್ಟಿಕ್ಕಿನ ಸಹವಾಸ ಯಾಕೆ? ಅಟ್ಟದ ಮೇಲೆ ಅಜ್ಜಿಯ ತಾಮ್ರದ ಹಂಡೆ ಇದೆ, ತಗೊಂಡು ಹೋಗು. ಅದರ ನೀರು ಎಷ್ಟು ಒಳ್ಳೇದು" ಅಂದರು. ಮನುಷ್ಯರಿಗೆ ಆ ಮಾತು ಹೇಗಾದರೂ ಇರಲಿ, ಮೀನಿಗೆ ತಾಮ್ರ ಸ್ವಲ್ಪವೇ ಜಾಸ್ತಿಯಾದರೂ ವಿಷ. ಸೀಗಡಿ, ಬಸವನಹುಳು ಸಾಕುವವರಂತೂ ತಾಮ್ರದ ಹತ್ತಿರಕ್ಕೂ ಹೋಗಬಾರದು. ಆರ್‌ಒ ನೀರು, ಮಳೆ ನೀರಿನಂಥ ಮೆದು ನೀರು ತಾಮ್ರವನ್ನು ಇನ್ನೂ ಬೇಗ ಕರಗಿಸಿಕೊಳ್ಳುತ್ತದೆ. ಸತು ಬಳಿದ ತಗಡಿನ ಬಕೆಟ್ಟೂ ಬೇಡ. ಅಮ್ಮನಿಗೆ ಇದನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಹಂಡೆ ಈಗಲೂ ಅಟ್ಟದ ಮೇಲೇ ಇದೆ.

ಇದೇ ಕಾರಣಕ್ಕೆ 'ಆಂಟಿ ಬ್ಯಾಕ್ಟೀರಿಯಲ್' ಅಂತ ಬರೆದ ಬಕೆಟ್, ಡ್ರಮ್ ಯಾವುದನ್ನೂ ನಾನು ಮೀನಿಗೆ ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯದಿರಲು ಬೆಳ್ಳಿ, ಸತು, ತಾಮ್ರದಂಥ ಲೋಹದ ಅಂಶಗಳನ್ನು ಪ್ಲಾಸ್ಟಿಕ್‌ಗೆ ಸೇರಿಸುವುದುಂಟು. ನಮ್ಮ ತೊಟ್ಟಿ ನಡೆಯುವುದೇ ಬ್ಯಾಕ್ಟೀರಿಯಾದ ಬಲದ ಮೇಲೆ, ಅಲ್ವಾ? ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವುದು ಫಿಲ್ಟರಿನಲ್ಲಿರುವ ಆ ಜೀವಿಗಳೇ. ಅವನ್ನು ಕೊಲ್ಲುವ ಪಾತ್ರೆ ನಮಗೆ ಬೇಕಿಲ್ಲ. ಹಾಗೇ ಡ್ರಮ್‌ಗೆ ನಲ್ಲಿ ಕೂರಿಸುವುದಾದರೆ ಹಿತ್ತಾಳೆಯದು ಬೇಡ, ಪ್ಲಾಸ್ಟಿಕ್ಕಿನದು ಹಾಕಿಸಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವೇ.

ಹೊಸ ಡ್ರಮ್ ಕೊಳ್ಳಲು ನಾನು ಹೋದದ್ದು ಚಿಕ್ಕಪೇಟೆ ಕಡೆಯ ಸಗಟು ಅಂಗಡಿಗಳಿಗೆ. ಅಲ್ಲಿ ಎರಡು ಮಾತು ಕಲಿತುಕೊಂಡೆ. ಒಂದು ವರ್ಜಿನ್, ಅಂದರೆ ಹೊಸ ಮಾಲು. ಇನ್ನೊಂದು ರೀಪ್ರೊಸೆಸ್, ಅಂದರೆ ಗುಜರಿ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು. ಹಾಗೆ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ, ಯಾಕೆಂದರೆ ಎರಡಕ್ಕೂ ಬೆಲೆಯೇ ಬೇರೆ. ನೋಡಿದರೂ ಗೊತ್ತಾಗುತ್ತದೆ. ಕಡುಗಪ್ಪು, ಮಬ್ಬು ಕಂದು, ಕೊಳಕು ಹಸಿರು ಬಣ್ಣದ ಅಗ್ಗದ ಬಕೆಟ್‌ಗಳು ಬಹುಪಾಲು ಕರಗಿಸಿದ ಮಾಲು. ಹತ್ತು ಥರದ ಪ್ಲಾಸ್ಟಿಕ್ ಸೇರಿದಾಗ ಬಣ್ಣ ಹೊಂದುವುದಿಲ್ಲ, ಅದಕ್ಕೆ ಕಪ್ಪು ಬೆರೆಸುತ್ತಾರೆ. ಮುಚ್ಚಳ ತೆಗೆದು ಮೂಸಿದರೆ ಸೀಮೆಎಣ್ಣೆಯಂಥ, ಸುಟ್ಟ ರಬ್ಬರಿನಂಥ ವಾಸನೆ. ಮಾಳಿಗೆಯ ಕಪ್ಪು ಟ್ಯಾಂಕ್ ಬೇರೆ ವಿಷಯ, ಅಲ್ಲಿ ಬಿಸಿಲಿಗೆ ತಡೆಯಲಿ, ಪಾಚಿ ಕಟ್ಟದಿರಲಿ ಅಂತ ಕಪ್ಪು ಹಾಕಿರುತ್ತಾರೆ. ಅದಕ್ಕೆ ಐಎಸ್ 12701 ಎಂಬ ಭಾರತೀಯ ಮಾನದಂಡವೂ ಇದೆ. ಡ್ರಮ್, ಡಬ್ಬಗಳಲ್ಲಿ ಐಎಸ್ 10146 ಅಂತ ಇದ್ದರೆ ಆಹಾರಕ್ಕೆ ತಾಗಬಹುದಾದ ಪಾಲಿಥಿಲೀನ್, ಐಎಸ್ 10910 ಅಂದರೆ ಆಹಾರಕ್ಕೆ ತಾಗಬಹುದಾದ ಪಾಲಿಪ್ರೊಪಿಲೀನ್. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೂ ಅದೇ ಅರ್ಥ, ಅದು ಯುರೋಪಿನ ಗುರುತು.

ನಂಬರೇ ಇಲ್ಲದಿದ್ದರೆ? ಒಂದು ಚೂರು ಸಿಕ್ಕರೆ ನೀರಿಗೆ ಹಾಕಿ. ಪಿಪಿ, ಎಚ್‌ಡಿಪಿಇ ಎರಡೂ ನೀರಿಗಿಂತ ಹಗುರ, ತೇಲುತ್ತವೆ. ಪಿವಿಸಿ, ಪೆಟ್, ಪಾಲಿಕಾರ್ಬೊನೇಟ್ ಮುಳುಗುತ್ತವೆ. ಕೆಲವು ಅಗ್ಗದ ಬಕೆಟ್‌ಗಳಿಗೆ ತೂಕ ಬರಲಿ ಅಂತ ಸುಣ್ಣದ ಕಲ್ಲಿನ ಪುಡಿ ಬೆರೆಸಿರುತ್ತಾರೆ, ಅದು ಜಾಸ್ತಿಯಾದರೆ ಪಿಪಿಯೂ ಮುಳುಗಬಹುದು. ಯಾವ ಕಾರಣಕ್ಕೆ ಮುಳುಗಿದರೂ ಅದನ್ನು ಬಿಟ್ಟುಬಿಡಿ.

ನನಗೆ ಸಿಕ್ಕಿದ್ದು ಈ ಅಕ್ಕಿ ಡ್ರಮ್. ಆಹಾರಕ್ಕೆಂದೇ ಮಾಡಿದ್ದು, ಬಣ್ಣ ಹೆಚ್ಚು ಬೆರೆಸಿಲ್ಲ, ತಳದಲ್ಲಿ 5. ಬಾಯಿ ಅಗಲ ಇರುವುದು ಬರೀ ತೊಳೆಯಲು ಅಲ್ಲ. ನೀರಿನ ಮೇಲ್ಮೈ ಗಾಳಿಗೆ ತೆರೆದಿದ್ದಷ್ಟೂ ಕ್ಲೋರಿನ್ ಬೇಗ ಹೋಗುತ್ತದೆ. ಏರ್ ಪಂಪಿಗೆ ಸೇರಿಸಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿದರೆ ಇನ್ನೂ ಬೇಗ. ಚಿಕ್ಕ ಬಾಯಿಯ ಕ್ಯಾನಿನಲ್ಲಿ ಮುಚ್ಚಳ ಹಾಕಿಟ್ಟರೆ ಮರುದಿನವೂ ವಾಸನೆ ಹಾಗೇ ಇರುತ್ತದೆ. ಅವಸರವಿದ್ದರೆ ಹೈಪೋ ಇದೆ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಹೈಪೋ ಬೇಕು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇದ್ದರೆ 40 ಲೀಟರಿಗೆ 140 ಮಿಲಿಗ್ರಾಂ, ಅಂದರೆ ಒಂದು ಪುಟ್ಟ ಹರಳು. ಮುಷ್ಟಿಗಟ್ಟಲೆ ಸುರಿಯುವುದನ್ನು ನೋಡಿದ್ದೇನೆ, ಬೇಡ.

ಹೊಸದಾದರೂ ತಂದ ದಿನವೇ ಬಳಸಬಾರದು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಾಕುವ ಮೇಣದಂಥ ಪದಾರ್ಥ ಒಳಗೆ ಅಂಟಿರುತ್ತದೆ, ಗೋದಾಮಿನ ಧೂಳು ಬೇರೆ. ನಾನು ಕಲ್ಲುಪ್ಪು ಹಾಕಿ, ಹೊಸ ಸ್ಪಂಜಿನಲ್ಲಿ, ಸ್ನಾನದಷ್ಟು ಬಿಸಿ ನೀರಿನಲ್ಲಿ ಉಜ್ಜಿದೆ. ಸೋಪಿಲ್ಲ. ಪೂರ್ತಿ ನೀರು ತುಂಬಿಸಿ ಒಂದು ದಿನ ಬಿಟ್ಟು ಚೆಲ್ಲಿದೆ, ಹಾಗೇ ಮೂರು ಸಲ. ಚೆಲ್ಲಿದೆ ಅಂದರೆ ಆ ದಿನಗಳಲ್ಲಿ ಚೆಲ್ಲುವುದೆಲ್ಲಿ, ಬಾತ್‌ರೂಮಿಗೆ ಬಳಸಿದೆ. ನಾಲ್ಕನೇ ರಾತ್ರಿ ಉಗುರುಬೆಚ್ಚಗಿನ ನೀರು ಹಾಕಿ ಮುಚ್ಚಳ ಮುಚ್ಚಿಟ್ಟೆ. ಬೆಳಗ್ಗೆ ಎದ್ದವಳೇ, ಕಾಫಿ ಕುಡಿಯುವ ಮೊದಲು, ಮುಚ್ಚಳ ಸರಿಸಿ ಮೂಸಿದೆ. ಏನೂ ಇಲ್ಲ. ಬಾಟಲಿಯಲ್ಲಿ ಅಲ್ಲಾಡಿಸಿ ನೋಡಿದೆ, ಗುಳ್ಳೆ ನಿಲ್ಲಲಿಲ್ಲ.

ಆದರೂ ಧೈರ್ಯ ಬರಲಿಲ್ಲ. ಬಾಲ್ಕನಿಯಲ್ಲಿ ಮರಿಗಳ ಆಹಾರಕ್ಕೆ ಅಂತ ಡಾಫ್ನಿಯಾ ಸಾಕುತ್ತೇನೆ, ನೀರಿನಲ್ಲಿ ಕುಪ್ಪಳಿಸುವ ಸಾಸಿವೆಗಿಂತ ಚಿಕ್ಕ ಜೀವಿಗಳು. ನೀರಿನಲ್ಲಿ ವಿಷ ಇದೆಯೇ ಅಂತ ತಿಳಿಯಲು ಪ್ರಯೋಗಾಲಯಗಳಲ್ಲೂ ಇವನ್ನೇ ಬಳಸುತ್ತಾರೆ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ನಂಬರಿನ ಪರೀಕ್ಷೆ ಅದೇ, 48 ಗಂಟೆಯದು. ಅದನ್ನೇ ಮನೆಯ ಮಟ್ಟಿಗೆ ಮಾಡಿದೆ. ಒಂದೇ ನೀರನ್ನು, ಕ್ಲೋರಿನ್ ತೆಗೆದು, ಸ್ವಲ್ಪ ಡ್ರಮ್‌ನಲ್ಲಿ, ಸ್ವಲ್ಪ ಗಾಜಿನ ಭರಣಿಯಲ್ಲಿ ಮೂರು ದಿನ ಇಟ್ಟೆ. ಆಮೇಲೆ ಎರಡು ಗಾಜಿನ ಲೋಟಗಳಲ್ಲಿ ಆ ಎರಡು ನೀರು ಹಾಕಿ, ತಲಾ ಹತ್ತು ಡಾಫ್ನಿಯಾ ಬಿಟ್ಟೆ. ಎರಡು ದಿನ ಬಿಟ್ಟು ಎರಡೂ ಲೋಟದಲ್ಲಿ ಹತ್ತಕ್ಕೆ ಹತ್ತು ಕುಪ್ಪಳಿಸುತ್ತಿದ್ದವು. ಎಸೆಯದೆ ಇಟ್ಟಿದ್ದ ಆ ನೀಲಿ ಕ್ಯಾನಿನ ನೀರನ್ನೂ ಮೂರನೇ ಲೋಟದಲ್ಲಿ ಇಟ್ಟಿದ್ದೆ. ಅದರಲ್ಲಿ ಮರುದಿನ ಬೆಳಗ್ಗೆಯೇ ಎಲ್ಲವೂ ತಳ ಸೇರಿದ್ದವು. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಆ ಹದಿನಾರು ಮೀನು ಉಳಿಯುತ್ತಿದ್ದವು. ಡಾಫ್ನಿಯಾ ಇಲ್ಲದವರು ಮೂಸುವುದು, ಅಲ್ಲಾಡಿಸುವುದು ಎರಡನ್ನಾದರೂ ತಪ್ಪದೆ ಮಾಡಿ.

ಡ್ರಮ್ ಇಡುವ ಜಾಗವೂ ಮುಖ್ಯ. ನಾನು ಬಾಲ್ಕನಿಯಲ್ಲಿ ಇಡುವುದಿಲ್ಲ. ಬಿಸಿ ಜಾಸ್ತಿಯಾದಷ್ಟೂ ಪ್ಲಾಸ್ಟಿಕ್ ಬಿಟ್ಟುಕೊಡುವುದು ಜಾಸ್ತಿ. ಏಪ್ರಿಲ್ ಬಿಸಿಲಿಗೆ ಬಕೆಟ್ ಹೇಗೆ ಬಿಳಿಚಿಕೊಂಡು, ಪುಡಿಪುಡಿಯಾಗಿ, ಒಂದು ದಿನ ಹಿಡಿ ಕಿತ್ತು ಬರುತ್ತದೆ ಅಂತ ಎಲ್ಲರೂ ನೋಡಿದ್ದೇವೆ. ಬೆಳಕು ಬಿದ್ದರೆ ಪಾಚಿಯೂ ಕಟ್ಟುತ್ತದೆ. ಯುಟಿಲಿಟಿಯ ಮೂಲೆ ತಂಪು, ಕತ್ತಲೆ. ಆದರೆ ಅಲ್ಲೇ ಫಿನಾಯಿಲ್, ಡಿಟರ್ಜೆಂಟ್ ಇಡುವ ಅಭ್ಯಾಸ ಇತ್ತು. ಅವನ್ನೆಲ್ಲ ಬಾತ್‌ರೂಮಿಗೆ ಸಾಗಿಸಿದೆ.

ಮುಚ್ಚಳದ ವಿಷಯ. ಏರ್ ಸ್ಟೋನ್ ಬಿಟ್ಟ ಮೊದಲ ದಿನ ಮುಚ್ಚಳ ಹಾಕುವಂತಿಲ್ಲ, ಹಾಗಂತ ತೆರೆದಿಡುವಂತೆಯೂ ಇಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸ್ವಚ್ಛ ನಿಂತ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ನಾನು ಹಳೇ ಹತ್ತಿ ಪಂಚೆಯ ತುಂಡನ್ನು ಬಾಯಿಗೆ ಬಿಗಿದು, ಸುತ್ತ ದಾರ ಕಟ್ಟುತ್ತೇನೆ. ಪಂಚೆಯನ್ನೂ ಡಿಟರ್ಜೆಂಟ್ ಹೋಗುವ ತನಕ ಕುದಿಸಿಟ್ಟದ್ದು. ಮರುದಿನ ಕ್ಲೋರಿನ್ ಹೋದ ಮೇಲೆ ಮುಚ್ಚಳ.

ಆ ಮಾರ್ಕರ್ ಬರಹ ಬಂದದ್ದು ಆಮೇಲೆ. ಒಂದು ದಿನ ಕಾಲೇಜಿನಿಂದ ಬಂದು ನೋಡಿದರೆ ಡ್ರಮ್ ಫಳಫಳ ಹೊಳೆಯುತ್ತಿತ್ತು. ಮನೆಗೆಲಸಕ್ಕೆ ಬರುವ ಅಕ್ಕ ಪ್ರೀತಿಯಿಂದ, ಪಾತ್ರೆ ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದಿಟ್ಟಿದ್ದರು. ಅವರನ್ನು ಕೂರಿಸಿಕೊಂಡು ಹದಿನಾರು ಮೀನಿನ ಕಥೆ ಹೇಳಿದೆ. "ಅಯ್ಯೋ, ಮೊದಲೇ ಹೇಳಬಾರದಿತ್ತಾ ಅಕ್ಕ" ಅಂದರು. ಅವರ ಮಾತು ಸರಿ. ಮನೆಯವರಿಗೆಲ್ಲ ಹೇಳುವುದು ಡ್ರಮ್ ಆರಿಸುವಷ್ಟೇ ಮುಖ್ಯ. ಮತ್ತೆ ನಾಲ್ಕು ದಿನ ನೀರು ತುಂಬಿಸಿ ತೆಗೆದು, ಅಲ್ಲಾಡಿಸಿ ನೋಡಿ, ಆಮೇಲೆ ಬಳಸಿದೆ. ಅವತ್ತೇ ಬರೆದದ್ದು. ಅವರು ಈಗ ಮನೆಗೆ ಬಂದವರಿಗೂ ತಾವೇ ಹೇಳುತ್ತಾರೆ, "ಅದನ್ನ ಮುಟ್ಟಬೇಡಿ, ಮೀನಿಂದು."

ತೊಟ್ಟಿಯಲ್ಲಿ ಈಗ ಒಂಬತ್ತು ನಿಯಾನ್ ಇವೆ. ಆ ನಾಲ್ಕು ಕೋರಿಡೋರಾಸ್ ಇನ್ನೂ ಇವೆ. ಕಾವೇರಿ ನೀರು ಬಂದರೂ ಡ್ರಮ್ ತೆಗೆದಿಲ್ಲ.

ತಂಗಿ ಮಗ ನಿನ್ನೆ ರಾತ್ರಿ ಫೋಟೋ ಕಳಿಸಿದ್ದ. ಅವನದ್ದು 30 ಲೀಟರಿನ ಬಿಳಿ ಡ್ರಮ್ಮು, ತಳದಲ್ಲಿ 2. "ಎರಡು ಸಲ ನೀರು ತುಂಬಿಸಿ ತೆಗೆದೆ ದೊಡ್ಡಮ್ಮ, ಮೂಸಿದೆ, ಸ್ವಲ್ಪ ಏನೋ ವಾಸನೆ ಇದ್ದಂಗಿದೆ. ನಾಳೆ ಮೀನಿಗೆ ಹಾಕಬಹುದಾ?" ಅಂತ ಕೇಳಿದ್ದ. ಬೇಡ ಅಂತ ಬರೆದೆ. ಕಲ್ಲುಪ್ಪಿನಲ್ಲಿ ಇನ್ನೊಮ್ಮೆ ಉಜ್ಜಿ ನೀರು ತುಂಬಿಸಿಡು, ಗುರುವಾರ ಬೆಳಗ್ಗೆ ಮತ್ತೆ ಮೂಸಿ ಫೋನ್ ಮಾಡು.